ಅದು ಎಲೆಕ್ಟ್ರಿಕಲ್, ನಾನು ಮೆಕ್ಯಾನಿಕಲ್

ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿರುವ ನನಗೆ ಪ್ರತಿ ವರ್ಷ ಹೊಸ ಪದವೀಧರರ ಸಂದರ್ಶನಕ್ಕೆ ಕೂರುವ ಹೊಣೆ ಬೀಳುತ್ತದೆ. ಆಗ ಮೇಜಿನ ಮೇಲೆ ಒಂದು ಹಳೆಯ ಓವರ್‌ಲೋಡ್ ರಿಲೇ ಇಟ್ಟುಕೊಂಡಿರುತ್ತೇನೆ. ಅಂಗೈಯಲ್ಲಿ ಹಿಡಿಯಬಹುದಾದ ಕಪ್ಪು ಡಬ್ಬಿ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇರುವಂಥದ್ದು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದ ಹುಡುಗರ ಮುಂದೆ ಅದನ್ನಿಟ್ಟು, ‘ಇದರೊಳಗೆ ಏನು ನಡೆಯುತ್ತದೆ?’ ಎಂದು ಕೇಳುತ್ತೇನೆ. ಹೆಚ್ಚಿನವರ ಉತ್ತರ ಒಂದೇ: ‘ಸರ್, ಅದು ಎಲೆಕ್ಟ್ರಿಕಲ್. ನಾನು ಮೆಕ್ಯಾನಿಕಲ್.’

ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. 2002ರ ಬೇಸಿಗೆಯಲ್ಲಿ ಇದೇ ಮಾತನ್ನು ನಾನು ನನ್ನ ತಂದೆಗೆ ಹೇಳಿದ್ದೆ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿ ಮಾಡಿದರೆ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಮೇಲಿನ ಸಾಲಿನಲ್ಲೇ ಇರುತ್ತವೆ. ಆ ವರ್ಷವೂ ಬರ. ಎರಡು ಎಕರೆ ಬೇಸಿಗೆ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತು. ಎರಡು ವರ್ಷದಲ್ಲಿ ಅದು ಮೂರನೆಯ ಸಲ. ಮುಕ್ಕಾಲಿ ನಿಲ್ಲಿಸಿ, ಚೈನ್ ಹಾಕಿ, ಪೈಪುಗಳನ್ನು ಒಂದೊಂದಾಗಿ ಎತ್ತಿ ಮೋಟಾರನ್ನು ಮೇಲಕ್ಕೆ ತರುವುದೆಂದರೆ ಒಂದು ದಿನದ ಕೆಲಸ, ನಾಲ್ಕಾರು ಜನರ ಕೂಲಿ. ಆಮೇಲೆ ವೈಂಡಿಂಗ್ ಖರ್ಚು. ಆ ದುಡ್ಡು ಬರಬೇಕಾದದ್ದು ಇನ್ನೂ ನೆಲದಲ್ಲಿರುವ ಶೇಂಗಾದ ಲೆಕ್ಕದಲ್ಲಿ, ಮಂಡಿಯ ಸಾಹುಕಾರರಿಂದ. ವಾರದೊಳಗೆ ನೀರು ಹಾಯಿಸದಿದ್ದರೆ ಆ ಶೇಂಗಾವೂ ಇಲ್ಲ.

ನಾನು ಮೊದಲ ಸೆಮಿಸ್ಟರ್ ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಹಗ್ಗ ಹಿಡಿದು ನಿಂತಿದ್ದ ತಂದೆ ಬೆವರು ಒರೆಸಿಕೊಳ್ಳುತ್ತಾ, ‘ಎಂಜಿನಿಯರ್ ಓದ್ತಿದ್ದೀಯಲ್ಲಪ್ಪ, ಇದು ಯಾಕೆ ಹಿಂಗೆ ಸುಡ್ತೈತೆ ಹೇಳು’ ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಗೊತ್ತಿರಬಹುದೆಂದು ಕೇಳಿದ್ದರು. ‘ಅದು ಎಲೆಕ್ಟ್ರಿಕಲ್‌ನೋರು ಹೇಳ್ಬೇಕು, ನಂದು ಮೆಕ್ಯಾನಿಕಲ್’ ಎಂದೆ. ತಂದೆ ಒಂದು ಕ್ಷಣ ಸುಮ್ಮನಿದ್ದು, ‘ಮೋಟ್ರು ಮಿಷನ್ ಅಲ್ವೇನು?’ ಎಂದು ಕೇಳಿ ಮತ್ತೆ ಹಗ್ಗಕ್ಕೆ ಕೈ ಹಾಕಿದರು.

ನಿಜ ಹೇಳಬೇಕೆಂದರೆ, ಆ ಸೆಮಿಸ್ಟರಿನಲ್ಲಿ ಮೂಲ ವಿದ್ಯುತ್ ಎಂಜಿನಿಯರಿಂಗ್ ನನಗೂ ಪಾಠವಾಗಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಆರಂಭವಾದ ಮೇಲೆ ಬಹುಕಾಲ, ಯಾವ ವಿಭಾಗದ ವಿದ್ಯಾರ್ಥಿಯೇ ಆಗಲಿ, ಮೊದಲ ವರ್ಷದಲ್ಲಿ ಎಲೆಕ್ಟ್ರಿಕಲ್ ಒಂದು, ಎಲೆಕ್ಟ್ರಾನಿಕ್ಸ್ ಒಂದು ಪತ್ರಿಕೆಯನ್ನು ಕಡ್ಡಾಯವಾಗಿ ಬರೆಯಬೇಕಿತ್ತು. ಉದ್ದೇಶ ಒಳ್ಳೆಯದೇ. ಆದರೆ ನಾನು ಓದಿದ ಕಾಲೇಜಿನಲ್ಲಿ ಆ ಪಾಠವೆಂದರೆ ಹಲಗೆಯ ತುಂಬ ಸಮೀಕರಣಗಳು. ಮೂರು ಫೇಸಿನ ವಿದ್ಯುಚ್ಛಕ್ತಿಯನ್ನು ಎರಡು ವ್ಯಾಟ್‌ಮೀಟರಿನಿಂದ ಅಳೆಯುವ ವಿಧಾನದ ನಿಷ್ಪತ್ತಿಯನ್ನು ಬಾಯಿಪಾಠ ಮಾಡಿದ್ದೆ. ವ್ಯಾಟ್‌ಮೀಟರನ್ನು ಕಣ್ಣಿಂದ ನೋಡಿರಲಿಲ್ಲ. ಪ್ರೌಢಶಾಲೆಯವರೆಗೆ ವಿಭವಾಂತರ, ರೋಧ ಎಂದು ಕಲಿತಿದ್ದವನಿಗೆ ಒಮ್ಮೆಲೇ ಎಲ್ಲವೂ ಇಂಗ್ಲಿಷಿನಲ್ಲಿ ಬಂದಾಗ, ಹಳೆಯ ಪದವೂ ಹೊಸ ಪದವೂ ಒಂದೇ ವಸ್ತುವನ್ನು ಹೇಳುತ್ತಿವೆ ಎಂಬುದು ಹೊಳೆಯಲೇ ಒಂದೆರಡು ತಿಂಗಳು ಹಿಡಿಯಿತು.

ಮೆಕ್ಯಾನಿಕಲ್ ಓದುವವನಿಗೆ ವಿದ್ಯುತ್ತಿನ ಭಯ ಹುಟ್ಟುವುದು ಅದು ಕಣ್ಣಿಗೆ ಕಾಣದು ಎಂಬ ಕಾರಣಕ್ಕೆ. ಗೇರಿನ ಹಲ್ಲು ಕಾಣುತ್ತದೆ, ಬೆಲ್ಟು ಸಡಿಲವಾದರೆ ಕಾಣುತ್ತದೆ, ಬೇರಿಂಗ್ ಸವೆದರೆ ಕಿವಿಗೆ ಕೇಳುತ್ತದೆ. ತಂತಿ ಮಾತ್ರ ಸತ್ತಾಗಲೂ ಬದುಕಿದ್ದಾಗಲೂ ಒಂದೇ ಥರ. ಆ ಭಯವನ್ನು ಬಿಡಿಸುವ ಬದಲು ಪಠ್ಯಪುಸ್ತಕ ಅದರ ಮೇಲೆ ಸಂಕೇತಗಳ ಇನ್ನೊಂದು ಪರದೆ ಎಳೆಯಿತು. ನಾನು ನಪಾಸಾದೆ. ಹನ್ನೊಂದು ಅಂಕ ಬಂದಿತ್ತು.

ಫಲಿತಾಂಶ ಬರುವ ಮೊದಲೇ ನನ್ನ ನಿಜವಾದ ಪಾಠ ಶುರುವಾಗಿತ್ತು. ಎತ್ತಿದ ಮೋಟಾರನ್ನು ಚಳ್ಳಕೆರೆ ಪೇಟೆಯ ವೈಂಡಿಂಗ್ ಅಂಗಡಿಗೆ ಒಯ್ದೆವು. ಮಿಸ್ತ್ರಿ ವಯಸ್ಸಾದವರು, ಶಾಲೆ ಓದಿದ್ದು ಅಷ್ಟಕ್ಕಷ್ಟೆ. ಮೋಟಾರನ್ನು ಬಿಚ್ಚಿ, ಪ್ಲಾಸ್ಟಿಕ್ ಹೊದಿಕೆ ಕರಗಿ ಅಂಟಿಕೊಂಡಿದ್ದ ತಾಮ್ರದ ತಂತಿಗಳನ್ನು ಬೆರಳಿಂದ ಸವರಿ ನನ್ನ ಕಡೆ ತಿರುಗಿದರು.

‘ನೋಡು ತಮ್ಮಾ, ಮೂರು ಗುಂಪು ಸುತ್ತು. ಎರಡು ಸುಟ್ಟೈತೆ, ಒಂದು ಹೊಸಾದಿದ್ದಂಗೈತೆ. ಏನರ್ಥ?’

‘ಗೊತ್ತಿಲ್ಲ.’

‘ಮೂರೂ ಸುಟ್ಟಿದ್ರೆ ಮೋಟ್ರಿಗೆ ಭಾರ ಜಾಸ್ತಿ ಆಗೈತೆ ಅಂತ. ಎರಡೇ ಸುಟ್ಟಿದ್ರೆ ಒಂದು ಫೇಸ್ ಬಂದಿಲ್ಲ ಅಂತ. ಮೂರು ಜನ ಹೊತ್ತ ಮೂಟೆ, ನಡುದಾರೀಲಿ ಒಬ್ಬ ಕೈ ಬಿಟ್ಟ. ಮೂಟೆ ಬೀಳಲಿಲ್ಲ, ಇನ್ನಿಬ್ಬರ ಸೊಂಟ ಮುರೀತು.’

ತಂದೆಗೆ ತಕ್ಷಣ ಅರ್ಥವಾಯಿತು. ನನಗೂ ಆಯಿತು. ಆದರೆ ನನ್ನ ಅರ್ಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಲ್ಲದು ಎಂಬುದು ಆ ರಾತ್ರಿ ಪುಸ್ತಕ ತೆಗೆದಾಗ ತಿಳಿಯಿತು. ಓಡುತ್ತಿರುವ ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ತಪ್ಪಿದರೆ, ಅದೇ ಭಾರವನ್ನು ಎಳೆಯಲು ಉಳಿದ ತಂತಿಗಳಲ್ಲಿ ಹರಿಯುವ ವಿದ್ಯುತ್ ಸುಮಾರು 1.73 ಪಟ್ಟಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಮೂರು ಪಟ್ಟು. ಪುಸ್ತಕದಲ್ಲಿ ಎಲ್ಲೆಲ್ಲೂ ಬಂದು ಕಾಡುತ್ತಿದ್ದ ‘ಮೂರರ ವರ್ಗಮೂಲ’ ನಮ್ಮ ಹೊಲದ ಮೋಟಾರಿನೊಳಗೆ ಕುಳಿತು ನಮ್ಮ ದುಡ್ಡನ್ನು ಸುಡುತ್ತಿತ್ತು.

ಮರುದಿನ ಮಿಸ್ತ್ರಿ ಸ್ಟಾರ್ಟರನ್ನೂ ತರಿಸಿ ನೋಡಿದರು. ಟ್ರಾನ್ಸ್‌ಫಾರ್ಮರಿನ ಬಳಿ ಒಂದು ಫ್ಯೂಸ್ ಹೋದರೂ ಸ್ಟಾರ್ಟರಿನ ಸುರುಳಿಗೆ ಬೇಕಾದದ್ದು ಎರಡೇ ಫೇಸ್. ಅವೆರಡು ಇದ್ದರೆ ಅದು ಬಿಡದೆ ಹಿಡಿದುಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ಕಾಯಬೇಕಾದದ್ದು ಓವರ್‌ಲೋಡ್ ರಿಲೇ. ಅದರ ತಿರುಪನ್ನು ಕೊನೆಯವರೆಗೆ ತಿರುಗಿಸಲಾಗಿತ್ತು. ‘ಯಾರು ತಿರುಗಿಸಿದ್ದು?’ ಎಂದರು ಮಿಸ್ತ್ರಿ. ‘ಸುಮ್‌ಸುಮ್ನೆ ಬೀಳ್ತಿತ್ತು, ನಾನೇ’ ಎಂದರು ತಂದೆ. ಅದು ಸುಮ್ಮಸುಮ್ಮನೆ ಬೀಳುತ್ತಿರಲಿಲ್ಲ. ಪ್ರತಿ ಸಲವೂ ಮೋಟಾರನ್ನು ಉಳಿಸುತ್ತಿತ್ತು.

ಮಿಸ್ತ್ರಿ ಆ ರಿಲೇಯನ್ನು ಬಿಚ್ಚಿ ತೋರಿಸಿದಾಗ ನಾನು ನಾಚಿದೆ. ಒಳಗೆ ಇದ್ದದ್ದು ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಪಟ್ಟಿಗಳು. ಬಿಸಿಯಾದರೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಒಂದು ಸನ್ನೆಯನ್ನು ತಳ್ಳುತ್ತದೆ, ಸಂಪರ್ಕ ಕಡಿಯುತ್ತದೆ. ಇದರಲ್ಲಿ ಎಲೆಕ್ಟ್ರಿಕಲ್ ಎಷ್ಟು, ಮೆಕ್ಯಾನಿಕಲ್ ಎಷ್ಟು? ಉಷ್ಣ ವ್ಯಾಕೋಚನ, ಬಾಗುವ ಪಟ್ಟಿ, ಸನ್ನೆ: ಎಲ್ಲವೂ ನನ್ನ ವಿಭಾಗದ ಸರಕೇ ಆಗಿತ್ತು.

ಆ ರಜೆಯಲ್ಲಿ, ಮುಂದಿನ ರಜೆಗಳಲ್ಲಿಯೂ ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ ಕೈಯಾಳಾಗಿ ದುಡಿದೆ. ಎಣ್ಣೆ ವ್ಯಾಪಾರದ ದೆಸೆಯಿಂದ ಎರಡನೇ ಮುಂಬೈ ಎಂದು ಕರೆಸಿಕೊಂಡಿದ್ದ ಊರು ಇದು. ಆಮದು ತಾಳೆ ಎಣ್ಣೆಯ ಹೊಡೆತಕ್ಕೆ ಅನೇಕ ಗಿರಣಿಗಳು ಬಾಗಿಲು ಹಾಕಿದವು, ಆ ಕಥೆ ಬೇರೆ. ನಾನಿದ್ದ ಗಿರಣಿಯ ಮೋಟಾರಿನ ಫಲಕದ ಮೇಲೆ ನಿಮಿಷಕ್ಕೆ 1440 ಸುತ್ತು ಎಂದು ಬರೆದಿತ್ತು. ಪುಸ್ತಕದ ಲೆಕ್ಕದಲ್ಲಿ, 50 ಹರ್ಟ್ಸ್ ವಿದ್ಯುತ್ತಿಗೆ ನಾಲ್ಕು ಧ್ರುವದ ಮೋಟಾರಿನ ಕಾಂತಕ್ಷೇತ್ರ ತಿರುಗಬೇಕಾದದ್ದು 1500 ಸುತ್ತು. ಉಳಿದ 60 ಎಲ್ಲಿ ಹೋಯಿತು?

ಪುಸ್ತಕ ಇದನ್ನು ಸ್ಲಿಪ್ ಎನ್ನುತ್ತದೆ. ಬೆಲ್ಟಿನ ಪಾಠದಲ್ಲೂ ನಾವು ಸ್ಲಿಪ್ ಓದುತ್ತೇವೆ. ಅಲ್ಲಿ ಅದು ನಷ್ಟ, ಬೆಲ್ಟು ಜಾರಿ ಪೋಲಾಗುವ ಶಕ್ತಿ. ಹಾಗಾಗಿ ಮೋಟಾರಿನದೂ ಒಂದು ದೋಷ ಎಂದೇ ನಂಬಿದ್ದೆ. ಗಿರಣಿಯಲ್ಲಿ ಎಕ್ಸ್‌ಪೆಲ್ಲರಿಗೆ ಶೇಂಗಾ ಬೀಜ ಬೀಳುತ್ತಿದ್ದಂತೆ ಮೋಟಾರಿನ ದನಿ ಒಂದಿಷ್ಟು ತಗ್ಗಿ, ಆಂಪಿಯರ್ ಮುಳ್ಳು ಮೇಲೇರುವುದನ್ನು ದಿನವಿಡೀ ನೋಡಿದ ಮೇಲೆ ಹೊಳೆಯಿತು: ಇಲ್ಲಿ ಜಾರುವಿಕೆಯೇ ಬಲದ ತಾಯಿ. ಒಳಗಿನ ಉರುಳೆ ಕಾಂತಕ್ಷೇತ್ರಕ್ಕಿಂತ ಹಿಂದೆ ಬಿದ್ದರೆ ಮಾತ್ರ ಅದರಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ, ಆಗ ಮಾತ್ರ ಬಲ ಹುಟ್ಟುತ್ತದೆ. ಸರಿಸಮ ಓಡಿದರೆ ಎಳೆತವೇ ಇಲ್ಲ. ಒಂದೇ ಪದ, ಎರಡು ಪಾಠ, ಎರಡು ವಿರುದ್ಧ ಅರ್ಥ. ಇದನ್ನು ತರಗತಿಯಲ್ಲಿ ಒಂದು ವಾಕ್ಯದಲ್ಲಿ ಹೇಳಬಹುದಿತ್ತು.

ಎಕ್ಸ್‌ಪೆಲ್ಲರನ್ನು ಖಾಲಿ ಮಾಡಿಯೇ ಚಾಲು ಮಾಡಬೇಕೆಂಬುದು ಗಿರಣಿಯ ಆಳುಗಳೆಲ್ಲರಿಗೂ ಗೊತ್ತಿತ್ತು. ಏಕೆಂದು ಯಾರೂ ಹೇಳುತ್ತಿರಲಿಲ್ಲ. ದೊಡ್ಡ ಮೋಟಾರು ನೇರವಾಗಿ ಚಾಲೂ ಆದರೆ ಪೂರ್ಣ ಭಾರದ ಆರೇಳು ಪಟ್ಟು ವಿದ್ಯುತ್ ಎಳೆಯುತ್ತದೆ. ಅದನ್ನು ತಡೆಯಲು ಸ್ಟಾರ್-ಡೆಲ್ಟಾ ಸ್ಟಾರ್ಟರ್ ಮೊದಲು ಸುರುಳಿಗಳನ್ನು ಸ್ಟಾರ್ ಜೋಡಣೆಯಲ್ಲಿ ಇಡುತ್ತದೆ. ಎಳೆಯುವ ವಿದ್ಯುತ್ ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೆ ತಿರುಗಿಸುವ ಬಲವೂ ಮೂರನೇ ಒಂದಕ್ಕೇ ಇಳಿಯುತ್ತದೆ. ಹಿಂಡಿ ತುಂಬಿ ಬಿಗಿದ ಎಕ್ಸ್‌ಪೆಲ್ಲರನ್ನು ಆ ಬಲ ಅಲುಗಿಸಲಾರದು. ಯಂತ್ರವನ್ನು ವಿನ್ಯಾಸ ಮಾಡುವ ಮೆಕ್ಯಾನಿಕಲ್ ಎಂಜಿನಿಯರ್ ಇದನ್ನು ತಿಳಿಯದಿದ್ದರೆ ಆತನ ಯಂತ್ರ ಕಾಗದದ ಮೇಲೆ ಓಡುತ್ತದೆ, ನೆಲದ ಮೇಲೆ ಗುಂಯ್‌ಗುಟ್ಟುತ್ತಾ ನಿಲ್ಲುತ್ತದೆ.

ಪವರ್ ಫ್ಯಾಕ್ಟರ್ ಕಡಿಮೆಯಾಯಿತೆಂದು ಬಿಲ್ಲಿನಲ್ಲಿ ದಂಡ ಬಿದ್ದ ದಿನ ಗಿರಣಿಯ ಮಾಲೀಕರು ಕೂಗಾಡಿದ್ದೂ ನೆನಪಿದೆ. ಆ ಪದ ನನ್ನನ್ನು ಪರೀಕ್ಷೆಯಲ್ಲಿ ಸೋಲಿಸಿದ್ದ ಪದ. ಗಾಡಿಗೆ ಕಟ್ಟಿದ ಎತ್ತು ನೇರ ಎಳೆಯದೆ ಓರೆಯಾಗಿ ಎಳೆದರೆ ಅದು ಪಡುವ ಶ್ರಮವೆಲ್ಲ ಗಾಡಿಗೆ ಸಲ್ಲುವುದಿಲ್ಲ. ಸಲ್ಲುವುದು ಆ ಕೋನದ ಕೊಸೈನಿನಷ್ಟು. ಮೆಕ್ಯಾನಿಕಲ್ ವಿದ್ಯಾರ್ಥಿ ಈ ಲೆಕ್ಕವನ್ನು ಮೊದಲ ತಿಂಗಳಲ್ಲೇ ಮಾಡಿರುತ್ತಾನೆ. ವಿದ್ಯುತ್ತಿನಲ್ಲೂ ಅದೇ ಕೊಸೈನು. ಓರೆ ಇರುವುದು ದಿಕ್ಕಿನಲ್ಲಲ್ಲ, ಕಾಲದಲ್ಲಿ. ಕೆಪಾಸಿಟರ್ ಹಾಕುವುದೆಂದರೆ ಎತ್ತನ್ನು ನೇರಕ್ಕೆ ತಿರುಗಿಸುವುದು.

ಎಲೆಕ್ಟ್ರಾನಿಕ್ಸ್ ಕಲಿತದ್ದು ಮೊಳಕಾಲ್ಮುರಿನಲ್ಲಿ ಎಂದರೆ ಓದುಗರು ನಗಬಹುದು. ಅಲ್ಲಿ ಕಾಲೇಜಿಗಿಂತ ಮಗ್ಗಗಳ ಸದ್ದೇ ಹೆಚ್ಚು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ಒಂದು ನನ್ನ ಸೋದರಮಾವನ ಸ್ನೇಹಿತರದು. ಎರಡನೇ ಸೆಮಿಸ್ಟರಿನ ಡಿಜಿಟಲ್ ಭಾಗ, ಅಂದರೆ ಸೊನ್ನೆ-ಒಂದರ ಲೆಕ್ಕ, ಗೇಟುಗಳು, ಸತ್ಯ ಕೋಷ್ಟಕಗಳು ತಲೆಗೆ ಹತ್ತದೆ ಒದ್ದಾಡುತ್ತಿದ್ದಾಗ ಮಾವ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದು ಊಟಕ್ಕೆ, ಪಾಠಕ್ಕಲ್ಲ.

ಮಗ್ಗದ ನೆತ್ತಿಯ ಮೇಲೆ ಜಕಾರ್ಡ್. ತೂತು ಕೊರೆದ ರಟ್ಟುಗಳನ್ನು ಸರಪಳಿಯಂತೆ ಪೋಣಿಸಿ ಇಳಿಬಿಟ್ಟಿದ್ದರು. ನೇಕಾರರು ಕಾಲಿನಿಂದ ಮಣೆ ತುಳಿದಾಗ ಒಂದು ರಟ್ಟು ಸೂಜಿಗಳ ಸಾಲಿಗೆ ಬಂದು ಒತ್ತುತ್ತದೆ. ತೂತಿದ್ದ ಕಡೆ ಸೂಜಿ ಒಳಹೋಗುತ್ತದೆ, ಅದರ ಕೊಕ್ಕೆ ನೆಟ್ಟಗೇ ನಿಂತು ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದೆ ಸರಿಯುತ್ತದೆ, ಕೊಕ್ಕೆ ತಪ್ಪುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ‘ತೂತೈತೆ ಅಂದ್ರೆ ಏಳ್ತೈತೆ, ಇಲ್ಲಾಂದ್ರೆ ಇಲ್ಲ’ ಎಂದು ಅವರು ಸೀರೆಯ ಅಂಚಿನ ನವಿಲನ್ನು ತೋರಿಸಿದರು. ತೂತು ಒಂದು, ತೂತಿಲ್ಲದ್ದು ಸೊನ್ನೆ. ಬರೀ ತೂತಿದ್ದರೂ ಸಾಲದು, ಮಣೆಯನ್ನೂ ತುಳಿಯಬೇಕು. ಎರಡೂ ಕೂಡಿದರೆ ಮಾತ್ರ ಎಳೆ ಏಳುತ್ತದೆ. ಪುಸ್ತಕದ ಆಂಡ್ ಗೇಟ್ ಅದೇ. ನಾಲ್ಕು ಸಾಲಿನ ಸತ್ಯ ಕೋಷ್ಟಕವನ್ನು ನಾನು ಆ ಮಗ್ಗದ ಪಕ್ಕದಲ್ಲೇ ಕುಳಿತು ಬರೆದೆ. ರಟ್ಟಿನ ಸರಪಳಿ ಸ್ಮೃತಿಕೋಶ. ಅದನ್ನು ಬದಲಿಸಿದರೆ ಅದೇ ಮಗ್ಗ ಬೇರೆ ಸೀರೆ ನೇಯುತ್ತದೆ.

ಇದು ನನ್ನ ಸ್ವಂತ ಕಲ್ಪನೆಯೇನಲ್ಲ ಎಂಬುದು ಆಮೇಲೆ ತಿಳಿಯಿತು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಸಾಧನದ ರಟ್ಟುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದ. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹಾಲರಿತ್ ಲೆಕ್ಕ ಹಾಕಿದ್ದು ತೂತಿನ ರಟ್ಟುಗಳಲ್ಲಿ. ಇಂದಿನ ಎಲೆಕ್ಟ್ರಾನಿಕ್ ಜಕಾರ್ಡುಗಳಲ್ಲಿ ರಟ್ಟಿನ ಜಾಗಕ್ಕೆ ಕಂಪ್ಯೂಟರ್ ಕಡತ, ಸೂಜಿಯ ಜಾಗಕ್ಕೆ ವಿದ್ಯುತ್ಕಾಂತ ಬಂದಿದೆ. ಕೊಕ್ಕೆ, ಎಳೆ, ಲಾಳಿ ಎಲ್ಲ ಹಾಗೆಯೇ ಇವೆ. 1969ರಲ್ಲಿ ಜಪಾನಿನ ಯಾಸ್ಕಾವಾ ಕಂಪನಿಯ ಎಂಜಿನಿಯರ್ ಟೆತ್ಸುರೊ ಮೋರಿ ‘ಮೆಕಟ್ರಾನಿಕ್ಸ್’ ಎಂಬ ಪದವನ್ನು ಟಂಕಿಸಿದ. ಆರನೇ ಸೆಮಿಸ್ಟರಿನಲ್ಲಿ ಆ ಹೆಸರಿನ ಪಾಠ ಬಂದಾಗ ಮೊಳಕಾಲ್ಮುರಿನ ಆ ಮಗ್ಗವೇ ನನ್ನ ಕಣ್ಣ ಮುಂದಿತ್ತು.

ಇಷ್ಟೆಲ್ಲ ಹಳೆಯದನ್ನು ಈಗ ಕೆದಕಲು ಕಾರಣವಿದೆ. ಚಳ್ಳಕೆರೆಯ ಸುತ್ತ ಅಂದು ಬರೀ ಹುಲ್ಲುಗಾವಲಾಗಿದ್ದ ಅಮೃತಮಹಲ್ ಕಾವಲುಗಳಲ್ಲಿ ಇಂದು ಎತ್ತರದ ಗೋಡೆಗಳು ಎದ್ದಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಅದರಾಚೆ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000ಕ್ಕೂ ಹೆಚ್ಚು ಎಕರೆ. ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೂ ಜಾಗ ಸಿಕ್ಕಿದೆ. ಕುರಿ, ದನ ಮೇಯಿಸುತ್ತಿದ್ದವರು ಕಾವಲಿಗಾಗಿ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ದಾಖಲಾದ ಸಂಗತಿ. 2017ರಲ್ಲಿ ಉದ್ಘಾಟನೆಯಾದ ಇಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲೇ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊದ ಮರುಬಳಕೆಯ ಉಡಾವಣಾ ವಾಹನ ಮೊದಲ ಸಲ ತಾನಾಗಿಯೇ ಇಳಿಯಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೊಮೀಟರ್ ಎತ್ತರದಿಂದ ಬಿಟ್ಟಿತ್ತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ ಇಳಿಸಿದರು. ಕೊನೆಯ ಸಲ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿಲೊಮೀಟರ್. ಧುಮುಕುಕೊಡೆ ಬಿಚ್ಚಿ ಅದನ್ನು 100ರ ಹತ್ತಿರಕ್ಕೆ ಇಳಿಸಿತು, ಉಳಿದದ್ದನ್ನು ಚಕ್ರದ ಬ್ರೇಕುಗಳು ನೋಡಿಕೊಂಡವು. ರೆಕ್ಕೆ, ಚಕ್ರ, ಬ್ರೇಕು ಎಲ್ಲ ಮೆಕ್ಯಾನಿಕಲ್. ಎತ್ತರ ಅಳೆದದ್ದು, ದಾರಿ ತಪ್ಪಿದ್ದನ್ನು ಅರಿತದ್ದು, ರೆಕ್ಕೆಯ ಅಂಚನ್ನು ಎಷ್ಟು ತಿರುಗಿಸಬೇಕೆಂದು ತೀರ್ಮಾನಿಸಿದ್ದು ಎಲೆಕ್ಟ್ರಾನಿಕ್ಸ್. ಒಳಗೆ ಚಾಲಕನಿಲ್ಲ.

ಕಾವಲು ಕಳೆದುಕೊಂಡವರ ಮಕ್ಕಳು ಆ ಗೋಡೆಯೊಳಗೆ ಯಾವ ಕೆಲಸಕ್ಕೆ ಹೋಗುತ್ತಾರೆ? ಚಳ್ಳಕೆರೆಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದಿರುವಾಗ ಈ ಪ್ರಶ್ನೆ ಅತಿಯಾಸೆಯದೇನಲ್ಲ. ಆದರೆ ಇದೇ ಹೊತ್ತಿನಲ್ಲಿ ನಮ್ಮ ಪಠ್ಯಕ್ರಮ ಹಿಡಿದ ದಾರಿ ಬೇರೆ. 2022ರಲ್ಲಿ ವಿ.ಟಿ.ಯು. ಜಾರಿಗೆ ತಂದ ಕ್ರಮದಲ್ಲಿ ಎಲ್ಲರಿಗೂ ಸಮಾನವಾಗಿದ್ದ ಆ ಎರಡು ಪತ್ರಿಕೆಗಳು ‘ಪರಿಚಯ’ ಎಂಬ ಹೆಸರು ಹೊತ್ತು ಆಯ್ಕೆಯ ಪಟ್ಟಿಗೆ ಸೇರಿದವು. ಬಾಯಿಪಾಠದ ಹಿಂಸೆ ತಪ್ಪಿತೆಂದು ಸಂತೋಷಪಡುವವರೂ ಇದ್ದಾರೆ. ನನ್ನಂತೆ ಹನ್ನೊಂದು ಅಂಕ ತೆಗೆದವನೇ ಕಡ್ಡಾಯದ ಪರ ವಾದಿಸುವುದು ವಿಚಿತ್ರ, ಒಪ್ಪುತ್ತೇನೆ. ಆದರೆ ಕಷ್ಟವಾಗಿದ್ದದ್ದು ವಿಷಯವಲ್ಲ, ಅದರ ಬಾಗಿಲು. ಬಾಗಿಲು ಸರಿಪಡಿಸುವುದನ್ನು ಬಿಟ್ಟು ಕೋಣೆಯನ್ನೇ ಐಚ್ಛಿಕ ಮಾಡಿದೆವು.

ಹಣ ಬೇಡುವ ಸಲಹೆಯೂ ನನ್ನದಲ್ಲ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ನಾಲ್ಕಾರು ವೈಂಡಿಂಗ್ ಅಂಗಡಿಗಳಿವೆ. ಸುಟ್ಟ ಮೋಟಾರುಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಮೊದಲ ವರ್ಷದ ಮೆಕ್ಯಾನಿಕಲ್ ತರಗತಿಗೆ ಅಂಥದ್ದೊಂದನ್ನು ತಂದು, ಸಮೀಕರಣ ಬರೆಯುವ ಮೊದಲು ‘ಇದು ಏಕೆ ಸುಟ್ಟಿತು?’ ಎಂದು ಕೇಳಲಿ. ಅದನ್ನು ವೈಂಡ್ ಮಾಡುವ ಮಿಸ್ತ್ರಿಯನ್ನೂ ಒಂದು ದಿನ ಕರೆಸಲಿ, ಅವರ ಒಂದು ದಿನದ ದುಡಿಮೆ ಕೊಟ್ಟು.

ನಮ್ಮ ಮಿಸ್ತ್ರಿ ಈಗಿಲ್ಲ. ಅಂದು ಅವರು ಆರನೇ ದಿನಕ್ಕೆ ಮೋಟಾರು ಕೊಟ್ಟರು, ಒಂದು ಫೇಸ್ ತಪ್ಪಿದರೆ ತಾನಾಗಿ ನಿಲ್ಲಿಸುವ ಸಾಧನವನ್ನು ಸ್ಟಾರ್ಟರಿಗೆ ಸಾಲದ ಮೇಲೆ ಜೋಡಿಸಿದರು. ರಿಲೇಯ ತಿರುಪನ್ನು ಸರಿಯಾದ ಆಂಪಿಯರಿಗೆ ನಿಲ್ಲಿಸಿ ಅದರ ತಲೆಯ ಮೇಲೆ ಕೆಂಪು ಬಣ್ಣದ ಒಂದು ಬೊಟ್ಟು ಇಟ್ಟರು. ಅರ್ಧ ಬೆಳೆ ಉಳಿಯಿತು. ನಾನು ಆ ಪತ್ರಿಕೆಯನ್ನು ಮತ್ತೆ ಕಟ್ಟಿ ಪಾಸಾದೆ. ಆ ಮೋಟಾರು ಮತ್ತೆ ಸುಡಲಿಲ್ಲ. ಕೊಳವೆಬಾವಿಯೇ ಕೆಲವು ವರ್ಷಗಳಲ್ಲಿ ಬತ್ತಿಹೋಯಿತು. ಸ್ಟಾರ್ಟರ್ ಪೆಟ್ಟಿಗೆ ಮಾತ್ರ ಹೊಲದ ಮನೆಯ ಗೋಡೆಯ ಮೇಲೆ ಇನ್ನೂ ಇದೆ. ಹೋದ ಸಲ ಊರಿಗೆ ಹೋದಾಗ ಬಾಗಿಲು ತೆಗೆದು ನೋಡಿದೆ. ಒಳಗೆ ಜೇಡರ ಬಲೆ. ಬೊಟ್ಟು ಇಟ್ಟಲ್ಲೇ ಇತ್ತು, ತಂದೆ ಅದನ್ನು ಮತ್ತೆ ತಿರುಗಿಸಿರಲಿಲ್ಲ.